ಹಾಸ್ಯಕ್ಕೆ ಬಲಿ ಬೇಕೇ?

ಪ್ರಶ್ನೆ: ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಟಿ.ವಿ.ಯ ಕಾಮಿಡಿ ಶೋ ಹಾಕುತ್ತಾರೆ. ದಪ್ಪಗಿರುವವರು, ಕಪ್ಪಗಿರುವವರು, ತೊದಲುವವರು ಯಾರಾದರೂ ವೇದಿಕೆಗೆ ಬಂದರೆ ಸಾಕು, ಅವರು ಬಾಯಿ ಬಿಡುವ ಮೊದಲೇ ನಗು ಶುರು. ಕೆಲಸದವಳ ಪಾತ್ರವಿದ್ದರೆ ಅವಳು ಆಡುವುದು ನಮ್ಮ ಕಡೆಯ ಮಾತು. ನನಗೆ ಇದೆಲ್ಲ ಕಿರಿಕಿರಿ. ನಮ್ಮ ಮನೆಯವರು, ‘ಚಾಷ್ಟಿನ ಚಾಷ್ಟಿ ಅಂತ ತಗೋಬೇಕು. ಯಾರನ್ನೂ ಆಡ್ಕೊಳ್ಳದ ನಗಸಾಕ ಬರತೈತೇನು?’ ಅನ್ನುತ್ತಾರೆ. ನಿಜವಾಗಿಯೂ ಬರುವುದಿಲ್ಲವೇ? ಅಥವಾ ನನಗೇ ಹಾಸ್ಯಪ್ರಜ್ಞೆ ಕಮ್ಮಿಯೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಹಾಸ್ಯಕ್ಕೆ ಒಂದು ದೋಷ ಬೇಕು, ಬಲಿ ಬೇಕಿಲ್ಲ. ಜಂಬ, ಜಿಪುಣತನ, ಬೂಟಾಟಿಕೆ, ಲಂಚಗುಳಿತನ, ಹೇಳುವುದೊಂದು ಮಾಡುವುದೊಂದು ಇವೆಲ್ಲ ದೋಷಗಳು. ಮನಸ್ಸು ಮಾಡಿದರೆ ಮನುಷ್ಯ ಇವನ್ನು ಬಿಡಬಹುದು. ಮೈಬಣ್ಣ, ಮೈಕಟ್ಟು, ತೊದಲು, ಹುಟ್ಟಿದೂರಿನ ಮಾತು ದೋಷಗಳಲ್ಲ. ಅವನ್ನು ದೋಷವೆಂಬಂತೆ ಎತ್ತಿ ತೋರಿಸಿ ನಗಿಸಿದಾಗಲೇ ಬಲಿಯ ಮಾತು ಬರುವುದು. ಹಾಗೆಂದು ನಿಮ್ಮ ಮನೆಯವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅವರ ಬೆನ್ನಿಗೆ ಘಟಾನುಘಟಿಗಳೇ ಇದ್ದಾರೆ.

ಮೊದಲನೆಯವನು ಪ್ಲೇಟೋ. ತನ್ನ ಯೋಗ್ಯತೆ ತನಗೇ ತಿಳಿಯದವನು ನಗೆಪಾಟಲಾಗುತ್ತಾನೆ ಎಂದು ಹೇಳಿ, ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಅಂಥವನು ಬಲಹೀನನಾಗಿದ್ದು, ನಕ್ಕವರಿಗೆ ತಿರುಗೇಟು ಕೊಡಲಾರದವನಾಗಿದ್ದರೆ ಮಾತ್ರ ನಾವು ನಗುತ್ತೇವೆ. ಬಲಶಾಲಿಯಾಗಿದ್ದರೆ ಹೆದರುತ್ತೇವೆ ಎಂದೂ ಸೇರಿಸಿದ. ಎರಡನೆಯವನು ಇಂಗ್ಲೆಂಡಿನ ಥಾಮಸ್ ಹಾಬ್ಸ್. 1651ರಲ್ಲಿ ಬಂದ ‘ಲೆವಯಥನ್’ ಗ್ರಂಥದಲ್ಲಿ ಅವನು, ಇನ್ನೊಬ್ಬನ ಕುಂದು ಕಂಡಾಗ ‘ನಾನು ಅವನಂತಿಲ್ಲವಲ್ಲ’ ಎಂದು ಒಳಗೊಳಗೇ ಹಿಗ್ಗುವುದೇ ನಗು ಎಂದ. ಅದರ ಬೆನ್ನಿಗೇ ಇನ್ನೊಂದು ಮಾತೂ ಇದೆ: ಸ್ವಂತ ಸಾಮರ್ಥ್ಯ ಕಡಿಮೆ ಇರುವವರಿಗೇ ಇಂಥ ನಗು ಹೆಚ್ಚು ಬೇಕಾಗುತ್ತದೆ.

ಮೂರನೆಯವನು ನಮ್ಮ ಭರತಮುನಿ. ನಾಟ್ಯಶಾಸ್ತ್ರವು ಹಾಸ್ಯರಸಕ್ಕೆ ಕಾರಣಗಳನ್ನು ಪಟ್ಟಿ ಮಾಡುವಾಗ ವಿಕಾರ ವೇಷ, ಅಸಂಬದ್ಧ ಮಾತು, ದುರಾಸೆಗಳ ಜೊತೆಗೆ ಅಂಗವಿಕಾರವನ್ನು ತೋರಿಸುವುದನ್ನೂ ಸೇರಿಸುತ್ತದೆ. ಈ ರಸ ಹೆಂಗಸರಲ್ಲಿಯೂ ‘ನೀಚ’ ಪಾತ್ರಗಳಲ್ಲಿಯೂ ಹೆಚ್ಚಾಗಿ ಕಾಣುತ್ತದೆ ಎಂದು ಬೇರೆ ಹೇಳುತ್ತದೆ. ಇವತ್ತಿನ ಸ್ಕಿಟ್‌ಗಳ ಪಾತ್ರಪಟ್ಟಿಗೂ ಇದಕ್ಕೂ ಬಹಳ ವ್ಯತ್ಯಾಸವೇನೂ ಕಾಣದು.

ಅದೇ ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ಭರತನ ಮಕ್ಕಳು ನಾಟ್ಯ ಕಲಿತ ಹಮ್ಮಿನಲ್ಲಿ ಋಷಿಗಳನ್ನೇ ಗೇಲಿ ಮಾಡಿ ಪ್ರಹಸನ ಆಡಿದರು. ಋಷಿಗಳು ಕೆರಳಿದರು. ‘ನಿಮ್ಮ ಜ್ಞಾನ ನಾಶವಾಗಲಿ, ನೀವು ಶೂದ್ರರಾಗಿ’ ಎಂದು ಶಪಿಸಿದರು. ಈ ಕಥೆಯಲ್ಲಿ ನೋವಾಯಿತೆಂದವರು ಋಷಿಗಳು, ನಿಜ. ಕಳೆದುಕೊಂಡವರು ಮಾತ್ರ ನಟರು. ಆ ಶಾಪದಲ್ಲಿ ಜಾತಿಯನ್ನೇ ಶಿಕ್ಷೆಯಾಗಿ ಎಣಿಸಿದ್ದೂ ಕಣ್ಣಿಗೆ ಬೀಳದೆ ಇರದು.

ಈ ಕಥೆಯಿಂದ ನಾನು ತೆಗೆದುಕೊಳ್ಳುವುದು ಇಷ್ಟು. ‘ನನಗೆ ನೋವಾಯಿತು’ ಎಂಬುದು ಹಾಸ್ಯವನ್ನು ಅಳೆಯುವ ಕೋಲಾಗಲಾರದು. ನೋವಾಯಿತೆಂದು ಮಂತ್ರಿಯೂ ಹೇಳುತ್ತಾನೆ, ಮಠವೂ ಹೇಳುತ್ತದೆ, ಸಿನಿಮಾ ನಟನ ಅಭಿಮಾನಿಗಳೂ ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಬೇರೆ: ಯಾರನ್ನು ನೋಡಿ ನಗುತ್ತಿದ್ದೇವೋ ಅವರಿಗೆ ಶಾಪ ಕೊಡುವ ಶಕ್ತಿ ಇದೆಯೇ? ಶಕ್ತಿಯಿದ್ದವರನ್ನು ನಕ್ಕರೆ ಅದು ವಿಡಂಬನೆ. ಇಲ್ಲದವರನ್ನು ಪ್ರತಿ ವಾರ ಕರೆತಂದು ನಕ್ಕರೆ ಅದು ಪ್ಲೇಟೋ ಹೇಳಿದ ಅಗ್ಗದ ನಗು. ಮನುಷ್ಯ ಹೀಗೆ ನಗುತ್ತಾನೆ ಎಂದು ಪ್ಲೇಟೋ ಹೇಳಿದ್ದು ಸುಳ್ಳಲ್ಲ. ಹೀಗೆ ಮಾತ್ರವೇ ನಗುತ್ತಾನೆ ಎಂಬುದು ಸುಳ್ಳು.

ಏಕೆಂದರೆ ನಗುವಿಗೆ ಇನ್ನೊಂದು ದಾರಿಯೂ ಇದೆ. ನಾವು ಒಂದನ್ನು ನಿರೀಕ್ಷಿಸುತ್ತಿರುತ್ತೇವೆ, ಥಟ್ಟನೆ ಬೇರೊಂದು ಎದುರಾಗುತ್ತದೆ, ಕಟ್ಟಿಕೊಂಡ ನಿರೀಕ್ಷೆ ಟುಸ್ಸೆನ್ನುತ್ತದೆ. ಜರ್ಮನಿಯ ಕಾಂಟ್ 1790ರಲ್ಲಿ ನಗುವನ್ನು ವಿವರಿಸಿದ್ದು ಹೀಗೆ. ಕನ್ನಡದಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ನಾ. ಕಸ್ತೂರಿಯವರ ‘ಅನರ್ಥಕೋಶ’ ಇಡೀ ಪುಸ್ತಕ ನಗಿಸುತ್ತದೆ, ಅಲ್ಲಿ ಪೆಟ್ಟು ಬೀಳುವುದು ಪದಗಳಿಗೆ. ಡುಂಡಿರಾಜರ ಹನಿಗವನಗಳಲ್ಲಿ ಕೊನೆಯ ಪದ ಹೊರಳುತ್ತದೆ, ಓದುಗ ನಗುತ್ತಾನೆ, ಯಾರ ಮನೆಯ ಮಗುವೂ ಅಳುವುದಿಲ್ಲ. ಆದ್ದರಿಂದ ‘ಆಡಿಕೊಳ್ಳದೆ ನಗಿಸಲು ಬರುತ್ತದೆಯೇ’ ಎಂಬ ಪ್ರಶ್ನೆಗೆ ಬರುತ್ತದೆ ಎಂಬುದೇ ಉತ್ತರ. ಕಷ್ಟ, ಅಷ್ಟೆ.

ಆ ಕಷ್ಟವೇ ಟಿ.ವಿ.ಯ ಸಮಸ್ಯೆ. ಶನಿವಾರ, ಭಾನುವಾರ ಬಂತೆಂದರೆ ಹೊಸ ಸ್ಕಿಟ್‌ಗಳು ಸಿದ್ಧವಿರಬೇಕು. ಗುರುವಾರ ಬಾರ್ಕ್ ಸಂಸ್ಥೆಯ ರೇಟಿಂಗ್ ಬರುತ್ತದೆ, ಯಾವ ಶೋ ಏರಿತು ಯಾವುದು ಇಳಿಯಿತು ಎಂಬ ಲೆಕ್ಕ ಶುರುವಾಗುತ್ತದೆ. ಪಾತ್ರವೊಂದನ್ನು ಕಟ್ಟಿ, ಅದರ ಸ್ವಭಾವ ಪ್ರೇಕ್ಷಕನಿಗೆ ಅರ್ಥವಾಗಿ, ಆಮೇಲೆ ನಗು ಹುಟ್ಟಲು ಸಮಯ ಬೇಕು. ದಪ್ಪ ಹೊಟ್ಟೆ, ಕಪ್ಪು ಬಣ್ಣ, ತೊದಲು ಮಾತು ನೋಡಿದ ಕೂಡಲೇ ಅರ್ಥವಾಗುತ್ತವೆ. ರಿಮೋಟ್ ಹಿಡಿದು ಕೂತವನು ಚಾನೆಲ್ ಬದಲಿಸುವ ಮೊದಲೇ ನಗಬೇಕಲ್ಲ! ಅದರ ಮೇಲೆ ಕೀಬೋರ್ಡಿನವರ ‘ಡೊಂಯ್’ ಸದ್ದು, ಕುರ್ಚಿಯಿಂದ ಬೀಳುವಂತೆ ನಗುವ ತೀರ್ಪುಗಾರರ ಮುಖ. ನಗುವುದು ಎಲ್ಲಿ ಎಂದು ಪ್ರೇಕ್ಷಕನಿಗೆ ಹೇಳಿಕೊಡುವ ಈ ಕಲೆ ಹೊಸದೇನಲ್ಲ. 1950ರಲ್ಲಿ ಅಮೆರಿಕದ ‘ಹ್ಯಾಂಕ್ ಮೆಕ್ಯೂನ್ ಶೋ’ ಮೊದಲ ಬಾರಿಗೆ ಧ್ವನಿಮುದ್ರಿತ ನಗುವನ್ನು ಟಿ.ವಿ.ಗೆ ಅಂಟಿಸಿತು. ಆಮೇಲೆ ಚಾರ್ಲಿ ಡಗ್ಲಸ್ ಎಂಬ ಧ್ವನಿತಂತ್ರಜ್ಞ ಗುಂಡಿ ಒತ್ತಿದರೆ ಬೇಕಾದ ಬಗೆಯ ನಗು ಹೊರಡುವ ಪೆಟ್ಟಿಗೆಯನ್ನೇ ಮಾಡಿಟ್ಟ.

ಈಗ ಒಂದು ಸ್ಕಿಟ್ಟನ್ನು ಬಿಡಿಸಿ ನೋಡೋಣ. ಯಾವುದೋ ಒಂದು ಚಾನೆಲ್‌ನದಲ್ಲ, ಎಲ್ಲ ಕಡೆ ಬರುವಂಥದ್ದು. ಹೆಣ್ಣು ನೋಡುವ ಶಾಸ್ತ್ರ. ಗಂಡಿನ ಕಡೆಯವರು ಸೋಫಾದ ಮೇಲೆ ಕೂತಿದ್ದಾರೆ. ಕಾಫಿ ತಟ್ಟೆ ಹಿಡಿದು ಹುಡುಗಿ ಬರುತ್ತಾಳೆ. ಹುಡುಗಿ ಎಂದರೆ ಸೀರೆಯುಟ್ಟ ಗಂಡಸು. ಸೊಂಟಕ್ಕೆ ದಿಂಬು, ಮುಖಕ್ಕೆ ಕಪ್ಪು ಬಣ್ಣ. ಹುಡುಗ ‘ಕರೆಂಟ್ ಹೋಯ್ತಾ?’ ಅನ್ನುತ್ತಾನೆ. ಪಕ್ಕದವನು ‘ಯಾರಾದ್ರೂ ಟಾರ್ಚ್ ಹಾಕ್ರೋ’ ಅನ್ನುತ್ತಾನೆ. ಡೊಂಯ್. ಆಕೆ ಕೂತರೆ ಸೋಫಾ ಮುರಿಯುತ್ತದೆ. ಮತ್ತೆ ಡೊಂಯ್. ಇಲ್ಲಿ ಒಂದು ಪರೀಕ್ಷೆ ಮಾಡಿ. ಈ ಸ್ಕಿಟ್ಟಿನಿಂದ ಮೈಬಣ್ಣ, ಮೈತೂಕ ಎರಡನ್ನೂ ತೆಗೆದುಬಿಡಿ. ಏನು ಉಳಿಯಿತು? ಒಂದು ಸೋಫಾ, ಒಂದು ಕಾಫಿ ತಟ್ಟೆ. ಬರೆದವನು ಏನನ್ನೂ ಬರೆದೇ ಇಲ್ಲ. ಅವನ ಕೆಲಸವನ್ನು ನಮ್ಮ ಪೂರ್ವಗ್ರಹವೇ ಮಾಡಿಕೊಟ್ಟಿದೆ.

ಅದೇ ಸೋಫಾದ ಮೇಲೆ ಹುಡುಗನ ತಾಯಿಯ ಬಾಯಲ್ಲಿ ಬೇರೆ ಮಾತು ಹಾಕಿ ನೋಡಿ. ‘ನಮಗೇನೂ ಬೇಡಪ್ಪ, ಹುಡುಗಿ ಒಬ್ಬಳು ಬಂದರೆ ಸಾಕು. ಬರುವಾಗ ನಡೆದುಕೊಂಡು ಬರಬಾರದು, ಅಷ್ಟೆ’ ಎಂದು ಆಕೆ ಶುರು ಮಾಡುತ್ತಾಳೆ. ಕಾರಿನ ಲೆಕ್ಕ ಮುಗಿಯಿತು. ‘ನಮಗೇನೂ ಬೇಡ. ಮದುವೆಯಾದ ಮೇಲೆ ನಿಮ್ಮ ಮಗಳು ಬಾಡಿಗೆ ಮನೆಯಲ್ಲಿದ್ದರೆ ನಿಮಗೇ ಬೇಜಾರಲ್ವಾ?’ ಸೈಟಿನ ಲೆಕ್ಕವೂ ಮುಗಿಯಿತು. ಪ್ರತಿ ‘ಬೇಡ’ಕ್ಕೂ ಪಟ್ಟಿ ಉದ್ದವಾಗುತ್ತದೆ. ಆಗ ಹುಡುಗಿ ಕಾಫಿ ತಟ್ಟೆ ಕೆಳಗಿಟ್ಟು, ‘ಅಮ್ಮ, ಇವರಿಗೇನೂ ಬೇಡವಂತೆ, ಕಾಫಿ ವಾಪಸ್ ತಗೊಂಡು ಹೋಗ್ತೀನಿ’ ಅನ್ನುತ್ತಾಳೆ. ಇಲ್ಲಿಯೂ ಒಬ್ಬರು ನಗೆಗೀಡಾದರು, ಇಲ್ಲವೆನ್ನಲಾರೆ. ಆದರೆ ಆಕೆ ಸಿಕ್ಕಿಬಿದ್ದದ್ದು ತನ್ನ ಮಾತಿನಿಂದ, ತನ್ನ ಆಸೆಯಿಂದ. ಅದನ್ನು ನೋಡುವ ಯಾವ ಅತ್ತೆಗೂ ಮಾರನೆಯ ದಿನ ಅಡ್ಡಹೆಸರು ಅಂಟುವುದಿಲ್ಲ. ಅಂಟಿದರೂ ಅದು ಆಕೆಯೇ ಸಂಪಾದಿಸಿದ್ದು.

ಇಂಥ ಬರವಣಿಗೆ ನಮ್ಮ ಟಿ.ವಿ.ಯಲ್ಲಿ ಇರಲೇ ಇಲ್ಲವೆಂದಲ್ಲ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠ್ಠಲ್ ರಾವ್ ಪಾತ್ರವನ್ನು ನೆನೆಸಿಕೊಳ್ಳಿ. ರವಿಶಂಕರ್ ಗೌಡ ಮಾಡಿದ ಆ ಪಾತ್ರವನ್ನು ನೋಡಿ ನಾವು ನಕ್ಕಿದ್ದು ಅವರ ಮೈಗಲ್ಲ, ಮುಖಕ್ಕಲ್ಲ, ತನ್ನನ್ನು ತಾನೇ ಹೊಗಳಿಕೊಳ್ಳುವ ಆ ಚಪಲಕ್ಕೆ. ಜಂಬವನ್ನು ಹಿಡಿದುಕೊಂಡು ಕಂತಿನ ಮೇಲೆ ಕಂತು ನಡೆಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೀವು ನಿಮ್ಮ ಕಡೆಯ ಕನ್ನಡದ ಬಗ್ಗೆ ಬರೆದಿದ್ದೀರಿ. ಇದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ಹಾವೇರಿ, ಧಾರವಾಡ, ಕಲಬುರಗಿಯ ಮಾತು ಕೇಳಿ ರಾಜ್ಯವೆಲ್ಲ ನಕ್ಕಿದೆ, ಅದರಲ್ಲಿ ತಪ್ಪೇನೂ ಇಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ತಮ್ಮ ತಿಂಮನನ್ನು ಕಟ್ಟಿಕೊಂಡು ಇಡೀ ನಾಡನ್ನು ನಗಿಸಿದರು; ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು ಮೊದಲ ಏಟನ್ನು ತಮಗೇ ಹೊಡೆದುಕೊಂಡರು. ಗಂಗಾವತಿಯ ಪ್ರಾಣೇಶ್ ಮೈಕ್ ಹಿಡಿದರೆ ಬೆಂಗಳೂರಿನ ಸಭಾಂಗಣವೂ ತುಂಬುತ್ತದೆ. ಇಲ್ಲೆಲ್ಲ ಆ ಭಾಷೆ ಆಡುವವರ ಕೈಯಲ್ಲಿಯೇ ಮೈಕ್ ಇದೆ. ಯಾರನ್ನು ನಗಬೇಕೆಂದು ತೀರ್ಮಾನಿಸುವವರೂ ಅವರೇ. ಧಾರಾವಾಹಿಯಲ್ಲಿ ಮನೆಯ ಯಜಮಾನ, ಡಾಕ್ಟರು, ವಕೀಲರಿಗೆಲ್ಲ ಬೆಂಗಳೂರು-ಮೈಸೂರು ಕನ್ನಡ ಕೊಟ್ಟು, ಅಡುಗೆಯವಳಿಗೂ ವಾಚ್‌ಮನ್‌ಗೂ ಮಾತ್ರ ‘ಹೋಗಾಕತ್ತೀನ್ರೀ’ ಕೊಟ್ಟರೆ ಆ ಮಾತಿನ ಅರ್ಥವೇ ಬದಲಾಗುತ್ತದೆ. ಅದೇ ಪದ, ಅದೇ ಧಾಟಿ. ಒಂದು ಕಡೆ ಅದು ಮಾತುಗಾರನ ಬಂಡವಾಳ, ಇನ್ನೊಂದು ಕಡೆ ಆಳಿನ ಗುರುತಿನ ಚೀಟಿ. ಮಂಗಳೂರು ಕನ್ನಡಕ್ಕೂ ಮುಸ್ಲಿಮರಾಡುವ ಕನ್ನಡಕ್ಕೂ ಟಿ.ವಿ.ಯಲ್ಲಿ ಆಗಿರುವುದು ಇದೇ.

ಹೆಂಡತಿ ಜೋಕಿನ ಕಥೆಯೂ ಹೀಗೇ. ವೈದ್ಯರಾಗಿದ್ದ ರಾಶಿ, ಅಂದರೆ ಎಂ. ಶಿವರಾಂ, 1942ರಲ್ಲಿ ‘ಕೊರವಂಜಿ’ ಪತ್ರಿಕೆ ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಟಿ. ಸುನಂದಮ್ಮ ಅದೇ ಪತ್ರಿಕೆಯಲ್ಲಿ ಹಾಸ್ಯ ಬರೆಯತೊಡಗಿದಾಗ ಅಡುಗೆಮನೆಯೊಳಗಿಂದಲೇ ಮೊದಲ ಬಾರಿಗೆ ನಗು ಕೇಳಿಸಿತು. ಅಲ್ಲಿಯವರೆಗೆ ಗಂಡಸರ ಹಾಸ್ಯದಲ್ಲಿ ಹೆಂಡತಿ ಸೀರೆ ಕೇಳುವ, ಲಟ್ಟಣಿಗೆ ಹಿಡಿಯುವ ಗೊಂಬೆ. ಸುನಂದಮ್ಮನವರ ಮನೆಯಲ್ಲಿ ಗಂಡನೂ ನಗೆಗೆ ಸಿಗುತ್ತಾನೆ, ಹೆಂಡತಿಯೂ ಸಿಗುತ್ತಾಳೆ, ಸಂಸಾರ ಮಾತ್ರ ಹಾಳಾಗುವುದಿಲ್ಲ. ಕೈಲಾಸಂ ಕೂಡ ‘ಟೊಳ್ಳುಗಟ್ಟಿ’, ‘ಹೋಂ ರೂಲು’ಗಳಲ್ಲಿ ಗೇಲಿ ಮಾಡಿದ್ದು ತಮ್ಮದೇ ವರ್ಗವನ್ನು: ಪರೀಕ್ಷೆ ಪಾಸು ಮಾಡುವುದೇ ಪುರುಷಾರ್ಥವೆಂದುಕೊಂಡ, ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದ ಮೈಸೂರು ಸೀಮೆಯ ಓದಿದ ಕುಟುಂಬಗಳನ್ನು. ಮಾಸ್ಟರ್ ಹಿರಣ್ಣಯ್ಯ ಇನ್ನೂ ಮುಂದೆ ಹೋದರು. ‘ಲಂಚಾವತಾರ’ದ ರಂಗದ ಮೇಲೆ ನಿಂತು ಅವತ್ತಿನ ಪೇಪರಿನ ಸುದ್ದಿಯನ್ನೇ ಎತ್ತಿಕೊಂಡು ಆಳುವವರ ಮಾನ ಹರಾಜು ಹಾಕುತ್ತಿದ್ದರು. ಅಲ್ಲಿ ನಗೆಗೀಡಾದವರ ಕೈಯಲ್ಲಿ ಪೊಲೀಸು, ಅಧಿಕಾರ ಎಲ್ಲವೂ ಇತ್ತು.

ಹಳೆಯದೆಲ್ಲ ಹೊನ್ನು ಎಂದು ಹೇಳಲು ಇಷ್ಟು ಹೆಸರು ಹೇಳಲಿಲ್ಲ. ನಮ್ಮ ಕಪ್ಪು-ಬಿಳುಪು ಸಿನಿಮಾಗಳು ನರಸಿಂಹರಾಜು ಅವರ ಸಣಕಲು ಮೈಯನ್ನೂ ಮುಂದೆ ಚಾಚಿದ ಹಲ್ಲನ್ನೂ ಧಾರಾಳವಾಗಿ ಬಳಸಿಕೊಂಡವು. ಅದೇ ಕಾಲದ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಅವರು ಕನ್ನಡಿಗರ ಮನಸ್ಸಿನಲ್ಲಿ ಉಳಿದದ್ದು ಮಾತಿನ ವರಸೆಯಿಂದ. ಉಮಾಶ್ರೀಯವರಿಗೆ ವರ್ಷಗಟ್ಟಲೆ ಸಿಕ್ಕಿದ್ದು ದ್ವಂದ್ವಾರ್ಥದ ಸಂಭಾಷಣೆಯ ಪಾತ್ರಗಳು. ಅದೇ ನಟಿ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರಕ್ಕಾಗಿ 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ನಟರಲ್ಲಿ ಪ್ರತಿಭೆಗೆ ಎಂದೂ ಬರವಿರಲಿಲ್ಲ. ಬರವಿದ್ದದ್ದು ಬರೆಯುವವರ ಶ್ರಮಕ್ಕೆ.

‘ಆ ನಟನಿಗೇ ಬೇಜಾರಿಲ್ಲ, ನಗುನಗುತ್ತಾ ಮಾಡುತ್ತಾನೆ, ನಿನಗ್ಯಾಕೆ?’ ಎಂಬ ಮಾತು ನಿಮ್ಮ ಮನೆಯಲ್ಲಿ ಮುಂದಿನ ವಾರ ಖಂಡಿತ ಬರುತ್ತದೆ. ನಟನಿಗೆ ಸಂಭಾವನೆ ಸಿಗುತ್ತದೆ, ಚಪ್ಪಾಳೆ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಅದೇ ಡೈಲಾಗು ತರಗತಿಯಲ್ಲಿ ಯಾರ ಮೇಲೆ ಬೀಳುತ್ತದೋ ಆ ಹುಡುಗಿಗೆ ಎರಡೂ ಸಿಗುವುದಿಲ್ಲ. ನಟನ ಒಪ್ಪಿಗೆಯೂ ಎಷ್ಟು ಸ್ವತಂತ್ರ ಎಂಬುದನ್ನು ಯೋಚಿಸಬೇಕು. ಆಸ್ಟ್ರೇಲಿಯಾದ ಹಾಸ್ಯಗಾರ್ತಿ ಹನ್ನಾ ಗ್ಯಾಡ್ಸ್‌ಬಿ 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ನ್ಯಾನೆಟ್’ ಕಾರ್ಯಕ್ರಮದಲ್ಲಿ ಇದನ್ನೇ ಎತ್ತಿದರು. ಮೊದಲೇ ಅಂಚಿನಲ್ಲಿರುವ ವ್ಯಕ್ತಿ ತನ್ನನ್ನು ತಾನೇ ಗೇಲಿ ಮಾಡಿಕೊಂಡರೆ ಅದು ವಿನಯವಲ್ಲ, ಮಾತಾಡಲು ಅನುಮತಿ ಪಡೆಯಲಿಕ್ಕಾಗಿ ಮಾಡಿಕೊಳ್ಳುವ ಅವಮಾನ ಎಂಬುದು ಅವರ ವಾದ. ಬೀಚಿ ತಮ್ಮನ್ನು ನಕ್ಕಿದ್ದಕ್ಕೂ, ದಪ್ಪಗಿರುವ ಹೊಸ ನಟಿಯೊಬ್ಬಳು ಅವಕಾಶಕ್ಕಾಗಿ ತನ್ನ ತೂಕವನ್ನು ನಕ್ಕುಕೊಳ್ಳುವುದಕ್ಕೂ ಇರುವ ಅಂತರ ಇದೇ. ಬೀಚಿಗೆ ಹೇಳಲು ಬೇರೆ ನೂರು ವಿಷಯಗಳಿದ್ದವು. ಆಕೆಗೆ ಟಿ.ವಿ. ಕೊಟ್ಟಿರುವುದು ಇದೊಂದೇ.

ಇನ್ನು, ನೋಡುವವರ ಮನಸ್ಸನ್ನು ಟಿ.ವಿ. ಹಾಸ್ಯ ಬದಲಿಸುತ್ತದೆಯೇ ಎಂಬ ವಿಚಾರ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1971ರಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ ಶುರುವಾಯಿತು. ಬಿಬಿಸಿಯ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಅದಕ್ಕೆ ಮೂಲ. ನಾಯಕ ಆರ್ಚಿ ಬಂಕರ್‌ಗೆ ಕರಿಯರು, ಯಹೂದಿಗಳು, ಹೆಂಗಸರು ಎಲ್ಲರ ಮೇಲೂ ತಾತ್ಸಾರ. ನಿರ್ಮಾಪಕ ನಾರ್ಮನ್ ಲಿಯರ್ ಅವನನ್ನು ಸೃಷ್ಟಿಸಿದ್ದೇ ಆ ತಾತ್ಸಾರವನ್ನು ನಗೆಪಾಟಲು ಮಾಡಲು. 1974ರಲ್ಲಿ ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಪ್ರೇಕ್ಷಕರನ್ನು ಅಧ್ಯಯನ ಮಾಡಿದಾಗ ಕಂಡದ್ದು ಬೇರೆ. ಪೂರ್ವಗ್ರಹ ಹೆಚ್ಚಿದ್ದವರು ಆರ್ಚಿಯನ್ನೇ ಮೆಚ್ಚಿಕೊಂಡಿದ್ದರು, ವಾದದಲ್ಲಿ ಗೆಲ್ಲುವವನೂ ಅವನೇ ಎಂದುಕೊಂಡಿದ್ದರು. ಒಂದೇ ಕಂತು, ಎರಡು ಬಗೆಯ ನಗು.

ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಇನ್ನಷ್ಟು ಬೆಳಕು ಚೆಲ್ಲುತ್ತದೆ. ಹೆಂಗಸರ ಬಗ್ಗೆ ಮೊದಲೇ ಅಸಹನೆಯಿದ್ದ ಗಂಡಸರಿಗೆ ಹೆಣ್ಣನ್ನು ಹೀಯಾಳಿಸುವ ಜೋಕು ಓದಿಸಿದರೆ, ಆಮೇಲೆ ಮಹಿಳಾ ಸಂಘಟನೆಗೆ ದೇಣಿಗೆ ಕೊಡುವಾಗ ಅವರ ಕೈ ಬಿಗಿಯಾಯಿತು. ಅದೇ ಬಗೆಯ ಮಾತನ್ನು ಜೋಕಿನ ರೂಪದಲ್ಲಲ್ಲದೆ ನೇರವಾಗಿ ಹೇಳಿದಾಗ ಆ ಪರಿಣಾಮ ಕಾಣಲಿಲ್ಲ. ಜೋಕು ಒಳ್ಳೆಯವರನ್ನು ಕೆಟ್ಟವರನ್ನಾಗಿ ಮಾಡುವುದಿಲ್ಲ. ಒಳಗೆ ಮೊದಲೇ ಇದ್ದದ್ದಕ್ಕೆ ‘ಪರವಾಗಿಲ್ಲ, ಹೊರಗೆ ಬಾ’ ಎಂದು ಬಾಗಿಲು ತೆಗೆಯುತ್ತದೆ. ನೇರವಾಗಿ ಬೈದರೆ ಎದುರಿಸಬಹುದು, ನಕ್ಕುಬಿಟ್ಟರೆ ಎದುರಿಸಿದವರೇ ಪೆಚ್ಚಾಗುತ್ತಾರೆ. ನಿಮಗೆ ಆಗುತ್ತಿರುವುದು ಅದೇ.

ನ್ಯಾಯಾಲಯಕ್ಕೂ ಈ ಪ್ರಶ್ನೆ ಎದುರಾಗಿತ್ತು. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದಲ್ಲಿ ಅಂಗವಿಕಲರನ್ನು ತೋರಿಸಿದ ಬಗೆಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ತೀರ್ಪು ಕೊಟ್ಟಿತು. ಅಂಗವಿಕಲರನ್ನು ಕೀಳಾಗಿಸುವ ಹಾಸ್ಯ ಬೇರೆ, ವೈಕಲ್ಯದ ಬಗೆಗಿನ ನಮ್ಮ ತಪ್ಪು ತಿಳಿವಳಿಕೆಯನ್ನು ಅಲುಗಾಡಿಸುವ ಹಾಸ್ಯ ಬೇರೆ ಎಂದು ಅದು ಗೆರೆ ಎಳೆಯಿತು. ವಿಷಯವನ್ನೇ ನಿಷೇಧಿಸಲಿಲ್ಲ, ನೋಟ ಯಾವ ಕಡೆಯದು ಎಂದು ಕೇಳಿತು. ಟಿ.ವಿ.ಗಾಗಿ ಇರುವ ಕೇಬಲ್ ಕಾರ್ಯಕ್ರಮ ಸಂಹಿತೆಯಂತೂ ಹೆಂಗಸರನ್ನು, ಮಕ್ಕಳನ್ನು ಹೀಗಳೆಯುವುದನ್ನೂ, ಒಂದು ಭಾಷೆಯ ಅಥವಾ ಪ್ರದೇಶದ ಜನರನ್ನು ಕೀಳಾಗಿ, ವ್ಯಂಗ್ಯವಾಗಿ ತೋರಿಸುವುದನ್ನೂ ಮೊದಲಿನಿಂದಲೇ ಬೇಡವೆನ್ನುತ್ತದೆ. ನಿಯಮ ಇದೆ, ಓದಿದವರು ಕಡಿಮೆ. ಹಾಗೆಂದು ಪ್ರತಿ ಜೋಕಿಗೂ ದೂರು ಕೊಡಿ ಎಂದು ನಾನು ಹೇಳುತ್ತಿಲ್ಲ. ದೂರಿನ ಕೋಲು ಸಿಕ್ಕಿದರೆ ಅದನ್ನು ಮೊದಲು ಎತ್ತುವವರು ಶಾಪ ಕೊಡಬಲ್ಲವರೇ. ಹಿರಣ್ಣಯ್ಯನವರ ಥರದ ನಾಟಕಕ್ಕೇ ಮೊದಲು ಪೆಟ್ಟು ಬೀಳುತ್ತದೆ.

ಆದ್ದರಿಂದ ನಿಮ್ಮ ಮನೆಯವರ ಜೊತೆ ಜಗಳ ಬೇಡ, ಎರಡೇ ಪ್ರಶ್ನೆ ಸಾಕು. ಮೈ, ಬಣ್ಣ, ಮಾತಿನ ಧಾಟಿ ತೆಗೆದರೆ ಈ ಜೋಕಿನಲ್ಲಿ ಏನಾದರೂ ಉಳಿಯುತ್ತದೆಯೇ? ನಗೆಗೆ ಸಿಕ್ಕವರಿಗೆ ತಿರುಗಿ ಹೇಳಲು ಒಂದಾದರೂ ಒಳ್ಳೆಯ ಮಾತು ಕೊಟ್ಟಿದ್ದಾರೆಯೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ, ಕಮ್ಮಿಯಿರುವುದು ನಿಮ್ಮ ಹಾಸ್ಯಪ್ರಜ್ಞೆಯಲ್ಲ, ಬರೆದವರ ಕೆಲಸ. ಮಕ್ಕಳನ್ನೋ ಅಂಗವಿಕಲರನ್ನೋ ನಿಜಕ್ಕೂ ಹೀನಾಯ ಮಾಡಿದ್ದು ಕಂಡರೆ ಸುಮ್ಮನಿರಬೇಡಿ. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ ಬರೆದು ಚಾನೆಲ್‌ನ ದೂರು ಅಧಿಕಾರಿಗೆ ಕಳಿಸಿ. 2021ರ ನಿಯಮದ ಪ್ರಕಾರ ಅವರು 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಯಾವುದಾದರೂ ಸ್ಕಿಟ್ ಯಾರನ್ನೂ ನೋಯಿಸದೆ ಹೊಟ್ಟೆ ಹುಣ್ಣಾಗುವಂತೆ ನಗಿಸಿದರೆ ಅದಕ್ಕೂ ಎರಡು ಸಾಲು ಬರೆದು ಕಳಿಸಿ. ಬರೆದವರಿಗೆ ಅದು ತಲುಪಬೇಕು.